ಸಾರ್ಬಿಟ್ರೇಟ್‌ಗೆ ಜನಾಂಗದ ಚೀಟಿ: ಬೈಡಿಲ್ ಎಂಬ ಮಾತ್ರೆಯ ಪ್ರಕರಣ

ಹೃದ್ರೋಗಿಗಳಿರುವ ಮನೆಯಲ್ಲಿ ಸಾರ್ಬಿಟ್ರೇಟ್ ಹೆಸರು ಗೊತ್ತಿಲ್ಲದವರು ಕಡಿಮೆ. ಅಜ್ಜನ ಅಂಗಿ ಜೇಬಿನಲ್ಲೊಂದು ಸ್ಟ್ರಿಪ್, ದೇವರ ಗೂಡಿನ ಪಕ್ಕ ಇನ್ನೊಂದು. ಎದೆ ಹಿಡಿದುಕೊಂಡರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಮಾತ್ರೆ. ಒಳಗಿರುವ ಔಷಧದ ಹೆಸರು ಐಸೋಸಾರ್ಬೈಡ್ ಡೈನೈಟ್ರೇಟ್. ಹಳೆಯದು, ಅಗ್ಗದ್ದು. ಹೈಡ್ರಲಜೀನ್ ಅಂತ ಇನ್ನೊಂದಿದೆ. ಅದು 1950ರ ದಶಕದಿಂದ ಇರುವ ಬಿಪಿ ಔಷಧ. ಗರ್ಭಿಣಿಯರಿಗೆ ಬಿಪಿ ಒಮ್ಮೆಲೇ ಏರಿದಾಗ ಹೆರಿಗೆ ವಾರ್ಡಿನಲ್ಲಿ ಇದನ್ನು ಇಂಜೆಕ್ಷನ್ ಆಗಿ ಕೊಡುವುದುಂಟು.

ಈ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಬೈಡಿಲ್ ಎಂದು ಹೆಸರಿಟ್ಟರು. 2005ರ ಜೂನ್ 23ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಯಾರಿಗೆ? ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಇದ್ದು, ತಮ್ಮನ್ನು ತಾವು ಕಪ್ಪು ಜನ ಎಂದು ಹೇಳಿಕೊಳ್ಳುವ ರೋಗಿಗಳಿಗೆ. ಒಂದು ಜನಾಂಗದ ಹೆಸರು ಹೇಳಿ ಎಫ್‌ಡಿಎ ಒಪ್ಪಿದ ಮೊದಲ ಔಷಧ ಇದು.

ಅಜ್ಜನ ಜೇಬಿನಲ್ಲಿ ಯಾವ ಜಾತಿ ಮತವೂ ಇಲ್ಲದೆ ಕೂತಿದ್ದ ಔಷಧಕ್ಕೆ ಅಲ್ಲಿ ಜನಾಂಗದ ಚೀಟಿ ಹೇಗೆ ಅಂಟಿಕೊಂಡಿತು? ಈ ಪ್ರಶ್ನೆ ಹಿಡಿದು ಹೊರಟರೆ ರಕ್ತನಾಳದ ಜೀವಶಾಸ್ತ್ರವೂ ಸಿಗುತ್ತದೆ, ಪೇಟೆಂಟ್ ಕಚೇರಿಯ ಕಾಗದಗಳೂ ಸಿಗುತ್ತವೆ. ಎರಡನ್ನೂ ಒಟ್ಟಿಗೆ ಓದದಿದ್ದರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಪಂಪು ಮತ್ತು ಪೈಪು

1980ರಲ್ಲಿ ಹಾರ್ಟ್ ಫೇಲ್ಯೂರ್‌ಗೆ ಹೆಚ್ಚಿನ ಔಷಧಗಳಿರಲಿಲ್ಲ. ಹೃದಯದ ಬಡಿತಕ್ಕೆ ಬಲ ಕೊಡುವ ಡಿಜಾಕ್ಸಿನ್, ಮೈಯಲ್ಲಿ ತುಂಬಿದ ನೀರು ಇಳಿಸುವ ಮಾತ್ರೆ, ಅಷ್ಟೇ. ಮಿನೆಸೋಟ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಜೇ ಕಾನ್ ಬೇರೆ ದಾರಿ ಯೋಚಿಸಿದರು. ಪಂಪು ಸುಸ್ತಾಗಿದೆ. ಅದನ್ನು ಇನ್ನಷ್ಟು ದುಡಿಸುವ ಬದಲು ಪೈಪುಗಳನ್ನು ಅಗಲ ಮಾಡಿದರೆ ಭಾರ ಇಳಿಯುತ್ತದೆ, ಅಲ್ವಾ? ನೈಟ್ರೇಟ್, ಅಂದರೆ ಐಸೋಸಾರ್ಬೈಡ್, ಮುಖ್ಯವಾಗಿ ಮೈಯಿಂದ ಹೃದಯಕ್ಕೆ ರಕ್ತ ವಾಪಸ್ ತರುವ ನಾಳಗಳನ್ನು ಸಡಿಲಿಸುತ್ತದೆ. ಹೈಡ್ರಲಜೀನ್ ಹೃದಯದಿಂದ ರಕ್ತ ಒಯ್ಯುವ ನಾಳಗಳನ್ನು. ಎರಡೂ ಸೇರಿದರೆ ಎರಡೂ ಕಡೆ ಹಗುರ.

ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಪ್ರಯೋಗ ಶುರುವಾಯಿತು. 642 ಗಂಡಸರು. ಬಿಳಿಯರೂ ಇದ್ದರು, ಕಪ್ಪು ಜನರೂ ಇದ್ದರು. ಬಣ್ಣ ನೋಡಿ ಯಾರನ್ನೂ ಸೇರಿಸಲಿಲ್ಲ, ಬಿಡಲಿಲ್ಲ. 1986ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ "ಸುಮ್ನೆ ಮಾತ್ರೆ" (ಹೋಲಿಕೆಗೆಂದು ಕೊಡುವ, ಔಷಧವಿಲ್ಲದ ಮಾತ್ರೆ) ನುಂಗಿದವರಲ್ಲಿ ಶೇ. 34ರಷ್ಟು ಜನ ತೀರಿಕೊಂಡಿದ್ದರು, ಜೋಡಿ ಔಷಧ ನುಂಗಿದವರಲ್ಲಿ ಶೇ. 26ರಷ್ಟು. ಒಳ್ಳೆಯ ಸುದ್ದಿಯೇ. ಆದರೆ ಲೆಕ್ಕದ ದೃಷ್ಟಿಯಿಂದ ಆ ಅಂತರ ಗೆರೆಯ ಮೇಲೆ ತೂಗಾಡುತ್ತಿತ್ತು. ಈ ಕಡೆಯೂ ಅಲ್ಲ, ಆ ಕಡೆಯೂ ಅಲ್ಲ.

ಅಷ್ಟರಲ್ಲಿ ಎನಾಲಾಪ್ರಿಲ್ ಎಂಬ ಹೊಸ ಔಷಧ ಬಂತು. ಎರಡನೇ ಪ್ರಯೋಗದಲ್ಲಿ 804 ಗಂಡಸರ ಮೇಲೆ ಜೋಡಿ ಔಷಧವನ್ನೂ ಎನಾಲಾಪ್ರಿಲ್ಲನ್ನೂ ಎದುರುಬದುರು ನಿಲ್ಲಿಸಿದರು. 1991ರಲ್ಲಿ ಎನಾಲಾಪ್ರಿಲ್ ಗೆದ್ದಿತು. ಜೋಡಿ ಔಷಧ ಹಿಂದಿನ ಸಾಲಿಗೆ ಸರಿಯಿತು.

ಕಾನ್ ಬಿಡಲಿಲ್ಲ. ಎರಡು ಹಳೆಯ ಔಷಧಗಳನ್ನು ಒಟ್ಟಿಗೆ ಬಳಸುವ ವಿಧಾನಕ್ಕೆ ಅವರು 1989ರಲ್ಲೇ ಪೇಟೆಂಟ್ ಪಡೆದಿದ್ದರು. ಅದರ ಅವಧಿ 2007ಕ್ಕೆ ಮುಗಿಯಬೇಕಿತ್ತು. ಮೆಡ್ಕೋ ಎಂಬ ಕಂಪನಿ ಬೈಡಿಲ್ ಹೆಸರಿನಲ್ಲಿ ಎಫ್‌ಡಿಎ ಬಾಗಿಲು ತಟ್ಟಿತು. 1997ರಲ್ಲಿ ಸಲಹಾ ಸಮಿತಿ 9–3ರಿಂದ ಬೇಡ ಎಂದಿತು. ಹಳೆಯ ಪ್ರಯೋಗಗಳ ಲೆಕ್ಕ ಗಟ್ಟಿಯಿಲ್ಲ ಎಂಬುದು ಕಾರಣ. ಔಷಧ ಕೆಲಸ ಮಾಡುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಸಾಬೀತಾಗಿಲ್ಲ ಎಂದರು. ಕಂಪನಿ ಕೈಬಿಟ್ಟಿತು, ಹಕ್ಕು ವಾಪಸ್ ಕಾನ್ ಬಳಿ ಬಂತು.

ಗಮನಿಸಿ. ಇಲ್ಲಿಯವರೆಗೆ ಜನಾಂಗದ ಮಾತೇ ಇಲ್ಲ. 1997ರಲ್ಲಿ ಎಫ್‌ಡಿಎ ಮುಂದೆ ಹೋದ ಬೈಡಿಲ್ ಎಲ್ಲರ ಔಷಧವಾಗಿತ್ತು.

ಹಳೆಯ ಕಡತದಿಂದ ಹೊಸ ಕಥೆ

1999ರಲ್ಲಿ ಪೀಟರ್ ಕಾರ್ಸನ್, ಕಾನ್ ಮತ್ತು ಜೊತೆಗಾರರು ಹಳೆಯ ಎರಡೂ ಪ್ರಯೋಗಗಳ ಕಡತ ಮತ್ತೆ ಬಿಚ್ಚಿದರು. ಈ ಸಲ ಬಿಳಿಯರು ಬೇರೆ, ಕಪ್ಪು ಜನ ಬೇರೆ ಎಂದು ವಿಂಗಡಿಸಿ ನೋಡಿದರು. ಮೊದಲ ಪ್ರಯೋಗದಲ್ಲಿ 180 ಜನ ಕಪ್ಪು ರೋಗಿಗಳಿದ್ದರು. ಜೋಡಿ ಔಷಧದಿಂದ ಲಾಭ ಕಂಡದ್ದು ಅವರಲ್ಲೇ, ಬಿಳಿಯರಲ್ಲಿ ಅಷ್ಟಾಗಿ ಕಾಣಲಿಲ್ಲ. ಎನಾಲಾಪ್ರಿಲ್ ಕಥೆ ಉಲ್ಟಾ. ಅದು ಬಿಳಿಯರಲ್ಲಿ ಹೆಚ್ಚು ಕೆಲಸ ಮಾಡಿದಂತೆ ಕಂಡಿತು.

ಆದರೆ ಆ 180 ಜನರಲ್ಲಿ ಜೋಡಿ ಔಷಧ ನುಂಗಿದವರು ಐವತ್ತರ ಆಸುಪಾಸು. ಫಲಿತಾಂಶ ಬಂದು ಹದಿಮೂರು ವರ್ಷವಾದ ಮೇಲೆ, ಬೇರೆ ಪ್ರಶ್ನೆಗೆಂದು ಕೂಡಿಹಾಕಿದ ಮಾಹಿತಿಯನ್ನು ಸೀಳಿ ನೋಡಿದಾಗ ಸಿಕ್ಕ ಸುಳಿವು ಅದು. ಸುಳಿವಾಗಿ ಚೆನ್ನಾಗಿದೆ, ಸಾಕ್ಷಿಯಾಗಿ ಸಾಲದು. ಇದು ಬರೆದವರಿಗೂ ಗೊತ್ತಿತ್ತು. ಹೊಸ ಪ್ರಯೋಗ ಬೇಕು ಎಂದರು.

ಅದೇ 1999ರಲ್ಲಿ ನೈಟ್ರೋಮೆಡ್ ಎಂಬ ಕಂಪನಿ ಬೈಡಿಲ್ ಹಕ್ಕು ಕೊಂಡಿತು. ಹೆಸರೇ ಹೇಳುವಂತೆ ನೈಟ್ರಿಕ್ ಆಕ್ಸೈಡ್ ಮೇಲೆ ಕಟ್ಟಿದ ಕಂಪನಿ. ಕಪ್ಪು ರೋಗಿಗಳಲ್ಲಿ ಈ ಜೋಡಿಯನ್ನು ಬಳಸುವ ವಿಧಾನಕ್ಕೆಂದೇ ಹೊಸ ಪೇಟೆಂಟ್ ಅರ್ಜಿ ಹೋಯಿತು. 2002ರಲ್ಲಿ ಅದು ಮಂಜೂರಾಯಿತು. ಅವಧಿ 2020ರವರೆಗೆ. ಹಳೆಯ ಪೇಟೆಂಟಿಗಿಂತ 13 ವರ್ಷ ಜಾಸ್ತಿ. ಎಲ್ಲರ ಔಷಧವಾಗಿದ್ದರೆ 2007ಕ್ಕೆ ಮುಗಿಯುತ್ತಿದ್ದ ಏಕಸ್ವಾಮ್ಯ, ಒಂದು ಜನಾಂಗದ ಔಷಧವಾದ್ದರಿಂದ 2020ರವರೆಗೆ ಎಳೆಯಿತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಾಗೆ.

ಇಷ್ಟು ಓದಿ ಇದೆಲ್ಲ ಬರೀ ದುಡ್ಡಿನ ಆಟ ಎಂದು ಪುಟ ಮುಚ್ಚುವುದು ಸುಲಭ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ರಕ್ತನಾಳದ ಕಡೆಯ ಸಾಕ್ಷಿ ಸುಳ್ಳಲ್ಲ. ಅದನ್ನು ನೋಡದೆ ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ.

ನಾಳದ ಒಳಪದರ ಏನು ಹೇಳುತ್ತದೆ

ರಕ್ತನಾಳ ನಾವು ತೋಟಕ್ಕೆ ಹಾಕುವ ರಬ್ಬರ್ ಪೈಪಿನಂತಲ್ಲ. ಅದಕ್ಕೆ ಜೀವ ಇದೆ. ಒಳಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರ, ಎಂಡೋಥೀಲಿಯಮ್. ಅದರ ಹೊರಗೆ ಸ್ನಾಯು. ರಕ್ತ ಜೋರಾಗಿ ಹರಿದರೆ ಒಳಪದರಕ್ಕೆ ಗೊತ್ತಾಗುತ್ತದೆ. ಅಲ್ಲಿರುವ ಒಂದು ಕಿಣ್ವ ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತದೆ. ಆ ಅನಿಲ ಪಕ್ಕದ ಸ್ನಾಯುವಿಗೆ ನುಸುಳಿ "ಸಡಿಲಿಸು" ಎನ್ನುತ್ತದೆ. ನಾಳ ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಆ ಅನಿಲದ ಆಯಸ್ಸು ಕೆಲವೇ ಸೆಕೆಂಡು.

ಒಳಪದರ ಹೀಗೊಂದು ಸಂದೇಶ ಕಳಿಸುತ್ತದೆ ಎಂದು ರಾಬರ್ಟ್ ಫರ್ಚ್‌ಗಾಟ್ ಬರೆದದ್ದು 1980ರಲ್ಲಿ, ಕಾನ್ ತಮ್ಮ ಪ್ರಯೋಗ ಶುರುಮಾಡಿದ ವರ್ಷವೇ. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂದು ಗೊತ್ತಾದದ್ದು ಇನ್ನೂ ಕೆಲವು ವರ್ಷಗಳ ಮೇಲೆ. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ ನೊಬೆಲ್ ಬಂತು. ಅಂದರೆ ಜೋಡಿ ಔಷಧ ಮೊದಲು ಬಂತು, ನೈಟ್ರಿಕ್ ಆಕ್ಸೈಡಿನ ವಿವರಣೆ ಆಮೇಲೆ ಹಿಂದಿನಿಂದ ಬಂದು ಸೇರಿಕೊಂಡಿತು. ಐಸೋಸಾರ್ಬೈಡ್ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಹೈಡ್ರಲಜೀನ್ ಅದು ಹಾಳಾಗದಂತೆ ನೋಡಿಕೊಳ್ಳುತ್ತದೆ ಎಂಬ ವಾದ 1990ರ ದಶಕದಲ್ಲಿ ಬಂತು. ಹೈಡ್ರಲಜೀನನ್ನು ಮೊದಲು ಆರಿಸಿದ್ದು ಪೈಪು ಅಗಲ ಮಾಡಲು, ಇಷ್ಟೆಲ್ಲ ಯೋಚಿಸಿ ಅಲ್ಲ.

ಇನ್ನು ಕಪ್ಪು, ಬಿಳಿಯ ವ್ಯತ್ಯಾಸ. ಅದನ್ನು ಅಳೆಯುವ ರೀತಿ ಸ್ವಲ್ಪ ಮೈ ಜುಮ್ಮೆನ್ನಿಸುವಂಥದ್ದು. ಮುಂಗೈಗೆ ರಕ್ತ ಕೊಡುವ ದೊಡ್ಡ ನಾಳಕ್ಕೆ ಸೂಜಿ ಚುಚ್ಚಿ ಸಣ್ಣ ಪ್ರಮಾಣದಲ್ಲಿ ಔಷಧ ಬಿಡುತ್ತಾರೆ. ಮುಂಗೈ ಎಷ್ಟು ಉಬ್ಬಿತು ಎಂಬುದರಿಂದ ರಕ್ತದ ಹರಿವು ಎಷ್ಟು ಹೆಚ್ಚಿತು ಎಂದು ಲೆಕ್ಕ ಹಾಕುತ್ತಾರೆ. 1990ರ ದಶಕದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲೂ ಇಂಥ ಪ್ರಯೋಗ ನಡೆದವು. ಬಿಪಿ ಇಲ್ಲದ, ಆರೋಗ್ಯವಂತ ಕಪ್ಪು ಯುವಜನರಲ್ಲೂ ನಾಳ ಸಡಿಲಾಗುವುದು ಸರಾಸರಿಯಲ್ಲಿ ಬಿಳಿಯರಿಗಿಂತ ಕಡಿಮೆ ಎಂದು ಕಂಡಿತು.

2004ರಲ್ಲಿ ಓಹಾಯೋ ವಿಶ್ವವಿದ್ಯಾಲಯದ ತಾಡೇಉಷ್ ಮಾಲಿನ್ಸ್ಕಿ ತಂಡ ಒಂದು ಹೆಜ್ಜೆ ಒಳಗೆ ಹೋಯಿತು. ಹೊಕ್ಕುಳಬಳ್ಳಿಯ ನಾಳದಿಂದ ಒಳಪದರದ ಕೋಶ ತೆಗೆದು, ಕೂದಲಿಗಿಂತ ಎಷ್ಟೋ ಸಣ್ಣ ಸಂವೇದಕ ಇಟ್ಟು ಅಳೆದರು. ಸಿಕ್ಕಿದ್ದು ವಿಚಿತ್ರ. ಕಪ್ಪು ದಾನಿಗಳ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು. ಆದರೂ ಹೊರಗೆ ಬರುವ ಅನಿಲ ಕಡಿಮೆ. ಯಾಕೆಂದರೆ ಅದೇ ಕೋಶದಲ್ಲಿ ಸೂಪರಾಕ್ಸೈಡ್ ಎಂಬ ಚುರುಕಾದ ಕಣವೂ ಹೆಚ್ಚು ಹುಟ್ಟುತ್ತಿತ್ತು. ಅದು ನೈಟ್ರಿಕ್ ಆಕ್ಸೈಡಿಗೆ ಅಂಟಿಕೊಂಡು ಪೆರಾಕ್ಸಿನೈಟ್ರೈಟ್ ಎಂಬ ಕೆಡುಕಿನ ವಸ್ತುವಾಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡ ಹಾಗೆ. ಬಿಂದಿಗೆಯಲ್ಲಿ ತೂತಿದ್ದರೆ ನಲ್ಲಿ ಎಷ್ಟು ತಿರುಗಿಸಿದರೇನು.

ಇದಕ್ಕೆ ಬೈಡಿಲ್ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಒಂದು ಭಾಗ ನೈಟ್ರಿಕ್ ಆಕ್ಸೈಡ್ ತುಂಬುತ್ತದೆ, ಇನ್ನೊಂದು ಸೂಪರಾಕ್ಸೈಡಿಗೆ ಕಡಿವಾಣ ಹಾಕುತ್ತದೆ. ಕಥೆ ಬೀಗದೊಳಗೆ ಕೀಲಿ ಕೂತಂತೆ ಕೂತುಬಿಡುತ್ತದೆ.

ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಕೂತುಬಿಡುತ್ತದೆ ಎಂಬುದೇ ನನ್ನ ಅನುಮಾನ. ಮುಂಗೈ ಪ್ರಯೋಗಗಳಲ್ಲಿ ನೈಟ್ರೋಪ್ರುಸೈಡ್ ಎಂಬ ಔಷಧವನ್ನೂ ಬಿಟ್ಟು ನೋಡಿದ್ದರು. ಅದು ಒಳಪದರವನ್ನು ಕೇಳುವುದೇ ಇಲ್ಲ, ತಾನೇ ನೈಟ್ರಿಕ್ ಆಕ್ಸೈಡ್ ಕೊಟ್ಟು ಸ್ನಾಯುವನ್ನು ಸಡಿಲಿಸುತ್ತದೆ. ಅದಕ್ಕೂ ಕಪ್ಪು ಜನರ ನಾಳ ಸರಾಸರಿಯಲ್ಲಿ ಕಡಿಮೆಯೇ ಸ್ಪಂದಿಸಿತ್ತು. ಹಾಗಿದ್ದರೆ ತೊಂದರೆ ಅನಿಲದ ಕೊರತೆ ಒಂದೇ ಅಲ್ಲ, ಸ್ನಾಯುವಿನ ಕಿವಿಯೂ ಸ್ವಲ್ಪ ಮಂದ. ಹೊರಗಿನಿಂದ ಅನಿಲ ತುಂಬಿದರೆ ಅವರಿಗೇ ಹೆಚ್ಚು ಲಾಭ ಎಂಬ ಸರಳ ತರ್ಕ ಇಲ್ಲಿ ಎಡವುತ್ತದೆ. ಕಂಪನಿ ಹೇಳುತ್ತಿದ್ದ ಕಥೆಯಲ್ಲಿ ಈ ತೊಡಕಿಗೆ ಜಾಗವಿರಲಿಲ್ಲ.

ಬಿಪಿ ಔಷಧಗಳ ಕಡೆಯಿಂದಲೂ ಒಂದು ದೊಡ್ಡ ಸಾಕ್ಷಿ ಇದೆ. 2002ರ ಕೊನೆಗೆ ಪ್ರಕಟವಾದ ಅಲ್‌ಹ್ಯಾಟ್ ಪ್ರಯೋಗದಲ್ಲಿ 33,357 ಜನರಿದ್ದರು, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಕಪ್ಪು ಜನ. ಆ ಕಪ್ಪು ಜನರಲ್ಲಿ ಎನಾಲಾಪ್ರಿಲ್ ಗುಂಪಿನದೇ ಆದ ಲಿಸಿನೋಪ್ರಿಲ್ ತಗೊಂಡವರಿಗೆ, ನೀರು ಇಳಿಸುವ ಅಗ್ಗದ ಕ್ಲೋರ್‌ಥಾಲಿಡೋನ್ ತಗೊಂಡವರಿಗಿಂತ ಪಾರ್ಶ್ವವಾಯು ಶೇ. 40ರಷ್ಟು ಹೆಚ್ಚು. ಕಪ್ಪು ಅಮೆರಿಕನ್ನರ ಬಿಪಿಯಲ್ಲಿ ರೆನಿನ್ ಎಂಬ ಹಾರ್ಮೋನು ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಉಪ್ಪಿನ ಪಾತ್ರ ಹೆಚ್ಚು. ಲಿಸಿನೋಪ್ರಿಲ್ ಥರದ ಔಷಧ ರೆನಿನ್ ಸರಪಳಿಯನ್ನೇ ತಡೆಯುವುದರಿಂದ ಒಂದೇ ಕೊಟ್ಟಾಗ ಅವರಲ್ಲಿ ಬಿಪಿ ಇಳಿಯುವುದು ಕಡಿಮೆ. ಬ್ರಿಟನ್ನಿನ ಮಾರ್ಗಸೂಚಿ ಇಂದಿಗೂ ಆಫ್ರಿಕನ್, ಕೆರಿಬಿಯನ್ ಮೂಲದವರಿಗೆ ಮೊದಲು ಆಮ್ಲೋಡಿಪಿನ್ ಗುಂಪಿನ ಮಾತ್ರೆ ಕೊಡಿ ಎನ್ನುವುದು ಇದೇ ಕಾರಣಕ್ಕೆ.

ಹಾಗಾಗಿ ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಇದೆ. ಅದನ್ನು ಇಲ್ಲ ಎನ್ನುವುದು ಪ್ರಾಮಾಣಿಕವಲ್ಲ.

ಪ್ರಯೋಗ, ಅದರ ಗೆಲುವು, ಅದರ ತೂತು

2001ರಲ್ಲಿ ಎ-ಹೆಫ್ಟ್ ಪ್ರಯೋಗ ಶುರುವಾಯಿತು. 1,050 ರೋಗಿಗಳು. ಎಲ್ಲರೂ ತಮ್ಮನ್ನು ಕಪ್ಪು ಜನ ಎಂದು ಹೇಳಿಕೊಂಡವರು. ಸುಮಾರು ಶೇ. 40 ಹೆಂಗಸರು. ಹೃದಯ ಸೋತದ್ದಕ್ಕೆ ಅವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕಾರಣ ವರ್ಷಗಟ್ಟಲೆ ಏರಿಕೊಂಡೇ ಇದ್ದ ಬಿಪಿ. ಬಿಳಿಯರಲ್ಲಿ ಸಾಮಾನ್ಯವಾಗಿ ಕಾಣುವಂತೆ ಹೃದಯದ ನಾಳ ಕಟ್ಟಿಕೊಂಡದ್ದಲ್ಲ. ಆಗ ರೂಢಿಯಲ್ಲಿದ್ದ ಔಷಧಗಳನ್ನೆಲ್ಲ ಮುಂದುವರಿಸಿ, ಅದರ ಮೇಲೆ ಅರ್ಧ ಜನಕ್ಕೆ ಬೈಡಿಲ್, ಅರ್ಧ ಜನಕ್ಕೆ ಸುಮ್ನೆ ಮಾತ್ರೆ.

2004ರ ಜುಲೈಯಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಕೆಟ್ಟದ್ದಾಗಿ ಅಲ್ಲ, ಒಳ್ಳೆಯದಾಗಿ. ಸುಮ್ನೆ ಮಾತ್ರೆಯ ಗುಂಪಿನಲ್ಲಿ ಶೇ. 10.2 ಜನ ತೀರಿಕೊಂಡಿದ್ದರೆ, ಬೈಡಿಲ್ ಗುಂಪಿನಲ್ಲಿ ಶೇ. 6.2. ಸಾವಿನ ಅಪಾಯ ಶೇ. 43 ಇಳಿದಿತ್ತು. ಹಾರ್ಟ್ ಫೇಲ್ಯೂರ್‌ಗೆ ಮೊದಲ ಸಲ ಆಸ್ಪತ್ರೆ ಸೇರುವುದು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಇಷ್ಟು ಗೊತ್ತಾದ ಮೇಲೂ ಉಳಿದವರಿಗೆ ಔಷಧ ಕೊಡದೆ ಕೂರುವುದು ತಪ್ಪಾಗುತ್ತಿತ್ತು. ತಂಡದ ಮುಂದಾಳು ಆನ್ ಟೇಲರ್. ಆ ನವೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು.

ಗೆಲುವು ನಿಜವಾದದ್ದು. ಆದರೆ ಪ್ರಯೋಗ ಯಾವ ಪ್ರಶ್ನೆ ಕೇಳಿತ್ತು? ಕಪ್ಪು ರೋಗಿಗಳಲ್ಲಿ ಈ ಔಷಧ ಕೆಲಸ ಮಾಡುತ್ತದಾ ಎಂದು. ಮಾಡುತ್ತದೆ. ಕಪ್ಪು ರೋಗಿಗಳಲ್ಲಿ ಬೇರೆಯವರಿಗಿಂತ ಜಾಸ್ತಿ ಕೆಲಸ ಮಾಡುತ್ತದಾ? ಗೊತ್ತಿಲ್ಲ. ಬೇರೆಯವರು ಅಲ್ಲಿ ಇರಲೇ ಇಲ್ಲ. ಮಂಡ್ಯದ ಗದ್ದೆಯಲ್ಲಿ ಮಾತ್ರ ಹೊಸ ಗೊಬ್ಬರ ಹಾಕಿ ಒಳ್ಳೆ ಬೆಳೆ ತೆಗೆದರೆ, ಅದು ಮಂಡ್ಯಕ್ಕೆ ಒಳ್ಳೆಯದು ಎನ್ನಬಹುದು. ಧಾರವಾಡದ ಹೊಲಕ್ಕೆ ಹಿಡಿಯುವುದಿಲ್ಲ ಎನ್ನಲು ಧಾರವಾಡದಲ್ಲೂ ಹಾಕಿ ನೋಡಿರಬೇಕು.

ಇನ್ನೊಂದು ಮಾತು. ಅಮೆರಿಕದಲ್ಲಿ ಎಷ್ಟೋ ಔಷಧಗಳ ಪ್ರಯೋಗದಲ್ಲಿ ಇದ್ದವರು ಹೆಚ್ಚುಕಡಿಮೆ ಬಿಳಿಯರೇ. ಆ ಡಬ್ಬಿಗಳ ಮೇಲೆ "ಬಿಳಿಯರಿಗೆ ಮಾತ್ರ" ಎಂದು ಯಾರೂ ಬರೆಯಲಿಲ್ಲ. ಬಿಳಿಯರಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಕೆಲಸ ಮಾಡಿದಂತೆ, ಕಪ್ಪು ಜನರಲ್ಲಿ ಕೆಲಸ ಮಾಡಿದ್ದು ಕಪ್ಪು ಜನರಲ್ಲಿ ಕೆಲಸ ಮಾಡಿದಂತೆ. ಎಫ್‌ಡಿಎ ಹೇಳಿದ್ದು ಇಷ್ಟೇ: ಯಾರ ಮೇಲೆ ಪ್ರಯೋಗ ನಡೆಯಿತೋ ಅವರ ಹೆಸರು ಬರೆದಿದ್ದೇವೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಕಾನೂನು ಪ್ರಾಧ್ಯಾಪಕ ಜೊನಾಥನ್ ಕಾನ್ (ಡಾಕ್ಟರ್ ಕಾನ್ ಬೇರೆ, ಇವರು ಬೇರೆ) ಈ ಕಡತವನ್ನು ವರ್ಷಗಟ್ಟಲೆ ಕೆದಕಿದರು. ಅವರು ಹೊರತೆಗೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಅಂಕಿಯ ಹಿನ್ನೆಲೆ. ಕಪ್ಪು ಜನ ಹಾರ್ಟ್ ಫೇಲ್ಯೂರಿನಿಂದ ಬಿಳಿಯರ ಎರಡರಷ್ಟು ಸಾಯುತ್ತಾರೆ ಎಂದು ಆಗ ಎಲ್ಲೆಡೆ ಬರೆಯುತ್ತಿದ್ದರು. ಪ್ರಬಂಧಗಳಲ್ಲಿ, ಕಂಪನಿ ಪ್ರಕಟಣೆಗಳಲ್ಲಿ. ಈ ಮಾತು ಎಲ್ಲಿಂದ ಬಂತೆಂದು ಅವರು ಹಿಂದೆ ಹಿಂದೆ ಹೋದರು. ಇವರು ಅವರನ್ನು ನೋಡಿ ಬರೆದಿದ್ದಾರೆ, ಅವರು ಇನ್ನೊಬ್ಬರನ್ನು ನೋಡಿ. ಕೊನೆಗೆ ಸಿಕ್ಕಿದ್ದು 1980ರ ದಶಕದ ಆರಂಭದ ಹಳೆಯ ಲೆಕ್ಕ. ಹೊಸ ಲೆಕ್ಕದಲ್ಲಿ ಅಂತರ ಒಟ್ಟಾರೆ 1.1ಕ್ಕೆ 1ರಷ್ಟು ಮಾತ್ರ. 45ರಿಂದ 64ರ ವಯಸ್ಸಿನವರಲ್ಲಿ ಅಂತರ ನಿಜಕ್ಕೂ ದೊಡ್ಡದು, 65 ದಾಟಿದ ಮೇಲೆ ಹೆಚ್ಚುಕಡಿಮೆ ಸಮ. ಹುಟ್ಟಿನಿಂದ ಬಂದ ವ್ಯತ್ಯಾಸವೇ ಎಲ್ಲಕ್ಕೂ ಕಾರಣವಾಗಿದ್ದರೆ ವಯಸ್ಸಾಗುತ್ತಾ ಹೀಗೆ ಕರಗುವುದು ಯಾಕೆ ಎಂದು ಕೇಳಬೇಕಾಗುತ್ತದೆ.

ಹಾಗಂತ ಇದು ಬಿಳಿ ಕಂಪನಿ ಕಪ್ಪು ಜನರಿಗೆ ಟೋಪಿ ಹಾಕಿದ ಕಥೆಯೂ ಅಲ್ಲ. ಕಪ್ಪು ಹೃದ್ರೋಗ ತಜ್ಞರ ಸಂಘವೇ ಎ-ಹೆಫ್ಟ್ ಪ್ರಯೋಗಕ್ಕೆ ಸಹ ಪ್ರಾಯೋಜಕ. ಆ ವೈದ್ಯರ ಕಡೆಯಿಂದ ನೋಡಿ. ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಗಂಡಸರ ಸಿಫಿಲಿಸ್ ರೋಗವನ್ನು ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತಿತ್ತು ಸರ್ಕಾರ. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆಮೇಲಿನ ದಶಕಗಳಲ್ಲಿ ಎಷ್ಟೋ ದೊಡ್ಡ ಪ್ರಯೋಗಗಳಲ್ಲಿ ಕಪ್ಪು ಜನ ಕಡಿಮೆಯೇ. ಈಗ ಸಾವಿರ ಕಪ್ಪು ರೋಗಿಗಳನ್ನೇ ನಡುವೆ ಇಟ್ಟು ಒಂದು ಪ್ರಯೋಗ, ಅದರಲ್ಲಿ ಜೀವ ಉಳಿಯುತ್ತಿದೆ. ಪೇಟೆಂಟ್ ನೆಪ ಹೇಳಿ ಬೇಡ ಎನ್ನಬೇಕಿತ್ತಾ? ನಾನು ಆ ಜಾಗದಲ್ಲಿದ್ದರೂ ಬೇಕು ಎನ್ನುತ್ತಿದ್ದೆ.

ಚರ್ಮವೋ, ಊರೋ

ಮೂಲ ಪ್ರಶ್ನೆ ಉಳಿಯಿತು. ನಾಳದ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ, ಬದುಕಿನಿಂದ ಬಂದದ್ದೋ?

ಇದಕ್ಕೆ ಒಳ್ಳೆಯ ಉತ್ತರ ಬಂದದ್ದು ಪ್ರಯೋಗಾಲಯದಿಂದ ಅಲ್ಲ, ಊರೂರು ತಿರುಗಿ ಬಿಪಿ ಅಳೆದವರಿಂದ. ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ರಿಚರ್ಡ್ ಕೂಪರ್ ತಂಡ ಪಶ್ಚಿಮ ಆಫ್ರಿಕಾ ಮೂಲದ ಜನರನ್ನು ಏಳು ಕಡೆ ಒಂದೇ ವಿಧಾನದಲ್ಲಿ ಅಳೆಯಿತು. 1997ರಲ್ಲಿ ಬಂದ ಲೆಕ್ಕ: ನೈಜೀರಿಯಾ, ಕ್ಯಾಮರೂನ್‌ಗಳಲ್ಲಿ ಬಿಪಿ ಇರುವವರು ಶೇ. 16. ಕೆರಿಬಿಯನ್ ದ್ವೀಪಗಳಲ್ಲಿ ಶೇ. 26. ಶಿಕಾಗೋ ಪಕ್ಕದಲ್ಲಿ ಶೇ. 33. ಒಂದೇ ಬೇರಿನ ಜನ, ಸಮುದ್ರ ದಾಟಿದಂತೆ ಬಿಪಿ ಇಮ್ಮಡಿ. ದಾರಿಯಲ್ಲಿ ತೂಕ ಹೆಚ್ಚಿದೆ, ಉಪ್ಪು ಹೆಚ್ಚಿದೆ, ಮೈಬಗ್ಗಿಸಿ ದುಡಿಯುವುದು ಕಡಿಮೆಯಾಗಿದೆ. ಅವಮಾನ, ಆತಂಕ ಎಷ್ಟು ಹೆಚ್ಚಿದೆ ಎಂದು ತೂಗಲು ತಕ್ಕಡಿ ಇಲ್ಲ.

ಬೈಡಿಲ್ ಒಪ್ಪಿಗೆಗೆ ಕೆಲವೇ ತಿಂಗಳು ಮುಂಚೆ, 2005ರ ಜನವರಿಯಲ್ಲಿ, ಕೂಪರ್ ತಂಡ ಬಿಳಿಯರನ್ನೂ ಸೇರಿಸಿ ಇನ್ನೊಂದು ಹೋಲಿಕೆ ಪ್ರಕಟಿಸಿತು. ಬಿಳಿಯರಲ್ಲಿ ಬಿಪಿ ದೇಶದಿಂದ ದೇಶಕ್ಕೆ ಶೇ. 27ರಿಂದ 55. ಕಪ್ಪು ಜನರಲ್ಲಿ ಶೇ. 14ರಿಂದ 44. ಎಲ್ಲಕ್ಕಿಂತ ಮೇಲೆ ಇದ್ದವರು ಜರ್ಮನಿಯ ಬಿಳಿಯರು, ಎಲ್ಲಕ್ಕಿಂತ ಕೆಳಗೆ ನೈಜೀರಿಯಾದ ಕಪ್ಪು ಜನ. ಅಮೆರಿಕದ ಒಳಗೆ ಮಾತ್ರ ನೋಡಿದರೆ ಬಿಪಿ ಕಪ್ಪು ಜನರ ಕಾಯಿಲೆ. ನಕಾಶೆಯನ್ನು ಸ್ವಲ್ಪ ಅಗಲ ಮಾಡಿದರೆ ಆ ಗೆರೆ ಅಳಿಸಿಹೋಗುತ್ತದೆ.

ಹೊಕ್ಕುಳಬಳ್ಳಿಯ ಕೋಶದಲ್ಲೇ ವ್ಯತ್ಯಾಸ ಕಂಡಿತಲ್ಲ, ಮಗು ಇನ್ನೂ ಉಪ್ಪು ತಿಂದಿಲ್ಲ, ಅವಮಾನ ನುಂಗಿಲ್ಲ ಎನ್ನಬಹುದು. ಸರಿ. ಆದರೆ ಆ ಬಳ್ಳಿ ಒಂಬತ್ತು ತಿಂಗಳು ಒಬ್ಬ ತಾಯಿಯ ಒಡಲಿನಲ್ಲಿತ್ತು. ತಾಯಿ ಅಮೆರಿಕದಲ್ಲೇ ಬದುಕಿದ್ದಳು.

ಲಾಸ್ ಏಂಜಲೀಸಿನ ರೊನಾಲ್ಡ್ ವಿಕ್ಟರ್ ತಂಡದ ಕೆಲಸವನ್ನೂ ಇಲ್ಲಿ ಹೇಳಬೇಕು. ಕಪ್ಪು ಗಂಡಸರು ಡಾಕ್ಟರ ಬಳಿ ಹೋಗುವುದು ಕಡಿಮೆ, ಕ್ಷೌರದ ಅಂಗಡಿಗೆ ತಪ್ಪದೆ ಹೋಗುತ್ತಾರೆ. ಹಾಗಾದರೆ ಔಷಧವನ್ನೇ ಅಲ್ಲಿಗೆ ಒಯ್ಯೋಣ ಎಂದರು. 52 ಅಂಗಡಿ, 319 ಗಿರಾಕಿಗಳು. ಅರ್ಧ ಅಂಗಡಿಗಳಿಗೆ ಫಾರ್ಮಸಿಸ್ಟ್ ಬಂದು ಬಿಪಿ ನೋಡಿ, ಅಲ್ಲೇ ಮಾತ್ರೆ ಬರೆದುಕೊಟ್ಟರು. ಉಳಿದವುಗಳಲ್ಲಿ ಕ್ಷೌರಿಕರು ಡಾಕ್ಟರಿಗೆ ತೋರಿಸಿ ಎಂದು ಹೇಳಿದರು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ 27 ಪಾಯಿಂಟ್ ಇಳಿಯಿತು, ಎರಡನೆಯದರಲ್ಲಿ 9. ಇದು 2018ರ ಮಾತು. ಕೊಟ್ಟದ್ದು ಆಮ್ಲೋಡಿಪಿನ್ ಥರದ ಮಾಮೂಲಿ ಔಷಧಗಳನ್ನೇ. ಅದೇ ನಾಳ, ಅದೇ ಒಳಪದರ.

ನಾವೂ ಇದರಿಂದ ಹೊರಗಿಲ್ಲ. ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದವರ ನಾಳ ಬಿಳಿಯರಷ್ಟು ಸಡಿಲಾಗುವುದಿಲ್ಲ ಎಂದು 1999ರಲ್ಲೇ ಒಂದು ಅಧ್ಯಯನ ಹೇಳಿತ್ತು. ಅಮೆರಿಕದ ಕ್ಲಿನಿಕ್ಕಿನಲ್ಲಿ ಕನ್ನಡಿಗರು ಟಿಕ್ ಹಾಕುವ ಚೌಕ "ಏಷ್ಯನ್". ಆ ಒಂದು ಚೌಕದಲ್ಲಿ ಬೀದರಿನವರೂ ಇದ್ದಾರೆ, ಬೀಜಿಂಗಿನವರೂ ಇದ್ದಾರೆ. ನಾಳಕ್ಕೆ ಆ ಚೌಕ ಏನು ಹೇಳೀತು?

ಮಾರುಕಟ್ಟೆಯಲ್ಲಿ ಆದದ್ದು

ನೈಟ್ರೋಮೆಡ್ ಒಂದು ಮಾತ್ರೆಗೆ 1.80 ಡಾಲರ್ ಬೆಲೆ ಇಟ್ಟಿತು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡರವರೆಗೆ. ಪೂರ್ತಿ ಡೋಸಾದರೆ ದಿನಕ್ಕೆ ಹತ್ತು ಡಾಲರಿಗೂ ಹೆಚ್ಚು. ಅದೇ ಎರಡು ಔಷಧ ಬೇರೆ ಬೇರೆಯಾಗಿ ಬಹಳ ಕಡಿಮೆಗೆ ಸಿಗುತ್ತಿತ್ತು. ಬೈಡಿಲ್‌ನಲ್ಲಿ ಇರುವುದು 20 ಮಿಲಿಗ್ರಾಂ ಐಸೋಸಾರ್ಬೈಡ್, 37.5 ಮಿಲಿಗ್ರಾಂ ಹೈಡ್ರಲಜೀನ್. ಬಿಡಿ ಹೈಡ್ರಲಜೀನ್ ಸಿಗುವುದು 25, 50ರಲ್ಲಿ. ಆದ್ದರಿಂದ ಬಿಡಿ ಮಾತ್ರೆ ಬೈಡಿಲ್‌ಗೆ ಸಮವಲ್ಲ ಎಂದು ಕಂಪನಿ ವಾದಿಸಿತು. ವಿಮಾ ಕಂಪನಿಗಳು ಕೇಳಲಿಲ್ಲ, ಡಾಕ್ಟರುಗಳೂ ಎಷ್ಟೋ ಕಡೆ ಬಿಡಿ ಮಾತ್ರೆಯನ್ನೇ ಬರೆದರು.

ಜೊತೆಗೆ ತಲೆನೋವು. ಮಾತಿಗೆ ಹೇಳಿದ್ದಲ್ಲ, ನಿಜವಾದ ತಲೆನೋವು. ಎ-ಹೆಫ್ಟ್‌ನಲ್ಲೇ ಬೈಡಿಲ್ ತಗೊಂಡವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ತಲೆನೋವು ಬಂದಿತ್ತು. ಸಾರ್ಬಿಟ್ರೇಟ್ ಇಟ್ಟುಕೊಂಡವರನ್ನು ಕೇಳಿ, ತಲೆ ಹೇಗೆ ಸಿಡಿಯುತ್ತದೆ ಎಂದು ಹೇಳುತ್ತಾರೆ. ಈಗಾಗಲೇ ಏಳೆಂಟು ಮಾತ್ರೆ ನುಂಗುವವರಿಗೆ ದಿನಕ್ಕೆ ಇನ್ನೂ ಆರು. ಮೇಲೆ "ಕಪ್ಪು ಜನರಿಗೆ" ಎಂಬ ಚೀಟಿ ನೋಡಿ, ಟಸ್ಕೀಗಿ ನೆನಪಾಗಿ ಹಿಂಜರಿದವರು ಬೇರೆ.

2008ರ ಜನವರಿಯಲ್ಲಿ ನೈಟ್ರೋಮೆಡ್ ಮಾರಾಟದ ತಂಡವನ್ನೇ ಮನೆಗೆ ಕಳಿಸಿತು. ಒಪ್ಪಿಗೆ ಸಿಕ್ಕಿ ಮೂರು ವರ್ಷವೂ ಆಗಿರಲಿಲ್ಲ. ಆಮೇಲೆ ಬೈಡಿಲ್ ಕೈ ಬದಲಾಯಿಸಿ ಆರ್ಬರ್ ಎಂಬ ಕಂಪನಿಗೆ ಹೋಯಿತು.

ಇಲ್ಲಿ ಬೇಸರದ ಸಂಗತಿ ಕಂಪನಿ ಮುಳುಗಿದ್ದಲ್ಲ. ಹೃದಯದ ಪಂಪಿಂಗ್ ಶಕ್ತಿ ಕುಂದಿ ತೀವ್ರ ಲಕ್ಷಣ ಇರುವ ಕಪ್ಪು ರೋಗಿಗಳಿಗೆ, ಉಳಿದ ಔಷಧಗಳ ಜೊತೆ ಈ ಜೋಡಿ ಕೊಡಿ ಎಂದು ಅಮೆರಿಕದ ಮಾರ್ಗಸೂಚಿ ಅತ್ಯಂತ ಬಲವಾದ ದರ್ಜೆಯಲ್ಲೇ ಹೇಳುತ್ತದೆ. ಬ್ರಾಂಡ್ ಬೇಕಿಲ್ಲ, ಬಿಡಿ ಮಾತ್ರೆಯೂ ನಡೆಯುತ್ತದೆ. ಆದರೂ ಆಸ್ಪತ್ರೆಗಳ ದಾಖಲೆ ನೋಡಿದವರು ಕಂಡದ್ದು, ಮನೆಗೆ ಹೋಗುವಾಗ ಅರ್ಹರಲ್ಲಿ ಕಾಲು ಭಾಗಕ್ಕೂ ಈ ಔಷಧ ಬರೆದುಕೊಡುತ್ತಿಲ್ಲ ಎಂದು. ಜೀವ ಉಳಿಸುತ್ತದೆ ಎಂದು ಅವರ ಮೈಮೇಲೆಯೇ ಸಾಬೀತಾದ ಔಷಧ, ಅವರಿಗೇ ತಲುಪುತ್ತಿಲ್ಲ.

ಚರ್ಮ ಬಿಟ್ಟು ಜೀನ್ ನೋಡುವ ಪ್ರಯತ್ನವೂ ಆಯಿತು. ಎ-ಹೆಫ್ಟ್ ರೋಗಿಗಳಲ್ಲೇ ಸುಮಾರು 350 ಜನರ ರಕ್ತ ತೆಗೆದು ಡೆನಿಸ್ ಮೆಕ್‌ನಮಾರಾ ತಂಡ ಪರೀಕ್ಷಿಸಿತು. ನೈಟ್ರಿಕ್ ಆಕ್ಸೈಡ್ ಕಿಣ್ವದ ಜೀನ್‌ನಲ್ಲಿ ಒಂದು ಬಗೆ ಇದ್ದವರಿಗೆ ಲಾಭ ಹೆಚ್ಚು, ಇನ್ನೊಂದು ಬಗೆಯವರಿಗೆ ಕಡಿಮೆ ಎಂದು ಕಂಡಿತು. ಜಿಎನ್‌ಬಿ3 ಎಂಬ ಇನ್ನೊಂದು ಜೀನ್‌ನಲ್ಲೂ ಹಾಗೇ. ಅಂದರೆ ಒಂದೇ ಚೌಕಕ್ಕೆ ಟಿಕ್ ಹಾಕಿದ ಸಾವಿರ ಜನರ ಒಳಗೇ ವ್ಯತ್ಯಾಸ. ಆ ಜೀನ್ ಬಗೆಗಳು ಬಿಳಿಯರಲ್ಲೂ ಇವೆ, ಪ್ರಮಾಣ ಬೇರೆ ಅಷ್ಟೇ. ಅವರಲ್ಲಿ ಈ ಔಷಧ ಏನು ಮಾಡುತ್ತದೆ ಎಂದು ನೋಡಲು ದುಡ್ಡು ಹಾಕಲು ಯಾವ ಕಂಪನಿಗೂ ಕಾರಣವಿರಲಿಲ್ಲ. ಔಷಧ ಹಳೆಯದು, ಪೇಟೆಂಟ್ ಇದ್ದದ್ದು ಕಪ್ಪು ರೋಗಿಗಳ ಹೆಸರಿನಲ್ಲಿ.

ಆ ಪೇಟೆಂಟಿನ ಅವಧಿ 2020ರಲ್ಲಿ ಮುಗಿಯಿತು. ಬೈಡಿಲ್ ಡಬ್ಬಿಯೊಳಗಿನ ಕಾಗದದಲ್ಲಿ "ತಮ್ಮನ್ನು ಕಪ್ಪು ಜನ ಎಂದು ಗುರುತಿಸಿಕೊಳ್ಳುವ ರೋಗಿಗಳಿಗೆ" ಎಂಬ ಸಾಲು ಆಮೇಲೂ ಹಾಗೇ ಉಳಿಯಿತು.